ಒಂದೇ ಕಾಳು, ಮೂರು ಪಾತ್ರೆ, ಬೆವರಿದ ಕಿಟಕಿ

ಶರತ್ಕಾಲ ಮುಗಿಯುತ್ತ ಬಂದಾಗ ಅಡುಗೆಮನೆಯ ಮೇಲೆ ನನಗೆ ಹೊಸದಾಗಿ ಪ್ರೀತಿ ಹುಟ್ಟುತ್ತದೆ. ಬೇಸಿಗೆಯಲ್ಲಿ ಒಲೆ ಹಚ್ಚಿದ ಹತ್ತು ನಿಮಿಷಕ್ಕೇ ಹೊರಗೆ ಓಡಬೇಕೆನಿಸುತ್ತದೆ; ಈ ದಿನಗಳಲ್ಲಿ ಅದೇ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ಆಸೆ. ಹಗಲು ಮೊಟಕಾಗುತ್ತದೆ, ಮನೆಗೆಲಸ ಮಾತ್ರ ಹೆಚ್ಚುತ್ತದೆ. ದಪ್ಪ ಹೊದಿಕೆಗಳನ್ನು ಒಗೆಯಬೇಕು, ಉಣ್ಣೆಯ ಬಟ್ಟೆ ಹೊರತೆಗೆಯಬೇಕು, ಕುಂಬಳಕಾಯಿ, ಗಡ್ಡೆ ಗೆಣಸುಗಳಿಗೆ ಒಂದು ಗತಿ ಕಾಣಿಸಬೇಕು. ಈ ಸಲ ಒಂದೊಂದು ಕೆಲಸವನ್ನೂ ಎರಡು ಮೂರು ವಿಧಾನಗಳಲ್ಲಿ ಮಾಡಿ, ಗಡಿಯಾರ, ತಕ್ಕಡಿ, ಥರ್ಮಾಮೀಟರ್ ಎದುರಿಗಿಟ್ಟುಕೊಂಡು ಹೋಲಿಸಿದೆ. ರುಚಿ ಮತ್ತು ಸಮಯ ಇವೆರಡನ್ನೇ ಅಳೆಯುವ ಉದ್ದೇಶವಿತ್ತು. ಎರಡನೆಯ ಶನಿವಾರ ಕಿಟಕಿಯ ಗಾಜಿನಿಂದ ನೀರು ಇಳಿಯತೊಡಗಿದ ಮೇಲೆ ಅಳತೆಗೋಲೇ ಬದಲಾಯಿತು.

ಮೊದಲು ಕಾಳಿನ ಸೂಪ್. 250 ಗ್ರಾಂ ಕೆಂಪು ರಾಜ್ಮಾ, ಹಿಂದಿನ ರಾತ್ರಿಯೇ ಒಂದು ಲೀಟರ್ ನೀರಿಗೆ 15 ಗ್ರಾಂ ಉಪ್ಪು ಹಾಕಿ ನೆನೆಸಿದ್ದು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂದು ನಾನೂ ನಂಬಿದ್ದೆ. ನೆನೆಯುವ ನೀರಿಗೆ ಹಾಕಿದ ಉಪ್ಪು ಮಾಡುವುದು ಅದರ ತದ್ವಿರುದ್ಧ: ಸಿಪ್ಪೆಯ ಪೆಕ್ಟಿನ್ ಎಂಬ ಅಂಟನ್ನು ಬಿಗಿ ಹಿಡಿದಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂನ ಜಾಗಕ್ಕೆ ಉಪ್ಪಿನ ಸೋಡಿಯಂ ಬಂದು ಸಿಪ್ಪೆ ಮೆತ್ತಗಾಗುತ್ತದೆ. ಕಾಳನ್ನು ಬೇಯಲು ಬಿಡದಿರುವುದು ಹುಳಿ. ಮೊದಲ ದಿನದ ಉತ್ಸಾಹದಲ್ಲಿ ಟೊಮೆಟೊವನ್ನು ಆರಂಭದಲ್ಲೇ ಸುರಿದುಬಿಟ್ಟೆ. ಎರಡು ಗಂಟೆ ಕುದಿಸಿದರೂ ಕಾಳು ಹಲ್ಲಿಗೆ ಸವಾಲು ಹಾಕುತ್ತಿತ್ತು. ಆ ಪಾತ್ರೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಪ್ರೆಶರ್ ಕುಕ್ಕರಿನಲ್ಲಿ ಒತ್ತಡ ಏರಿದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ, ತಾನಾಗಿ ಇಳಿಯಲು ಇನ್ನೊಂದು 15. ಪೂರ್ಣ ಒತ್ತಡದಲ್ಲಿ ಒಳಗಿನ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಹಾಗಾಗಿ ಈ ವೇಗ. ಕಾಳು ಬೆಣ್ಣೆಯಂತೆ ಬೆಂದಿತು, ನಾಲ್ಕರಲ್ಲೊಂದು ಒಡೆದಿತ್ತು. ತಿಳಿ ಮಾತ್ರ ನೀರುನೀರು. ಕಾಳು ಒಂದು ಕಡೆ, ನೀರು ಒಂದು ಕಡೆ, ಜಗಳವಾಡಿ ಮಾತು ಬಿಟ್ಟವರ ಹಾಗೆ. ಒಂದು ಹಿಡಿ ಕಾಳನ್ನು ಮಸೆದು ಬೆರೆಸಿ ಐದು ನಿಮಿಷ ಕುದಿಸಿದ ಮೇಲೆ ರಾಜಿಯಾದವು.

ದಪ್ಪ ತಳದ ಪಾತ್ರೆಯಲ್ಲಿ 90 ನಿಮಿಷ ಹಿಡಿಯಿತು. ರುಚಿಯಲ್ಲಿ ಇದಕ್ಕೆ ಎದುರಿಲ್ಲ. ಕಾಳಿನ ಹಿಟ್ಟು ನಿಧಾನವಾಗಿ ನೀರಿಗಿಳಿದು ಸೂಪ್ ತಾನಾಗಿಯೇ ಗಟ್ಟಿಯಾಗಿತ್ತು. ಬೆಳ್ಳುಳ್ಳಿ ಎಲ್ಲಿದೆ ಎಂದು ಹುಡುಕಿದರೂ ಸಿಗದಷ್ಟು ಕರಗಿಹೋಗಿತ್ತು. ಮನೆಯ ತುಂಬ ಅದರ ಪರಿಮಳ. ಪಾತ್ರೆಯನ್ನು ಒಲೆಗೆ ಇಡುವ ಮೊದಲೂ ಇಳಿಸಿದ ಮೇಲೂ ತೂಗಿದ್ದೆ. 700 ಗ್ರಾಂ ಕಡಿಮೆಯಾಗಿತ್ತು, ಅಂದರೆ ಮುಚ್ಚಳ ಓರೆಯಾಗಿಟ್ಟಿದ್ದ ಆ ಒಂದೂವರೆ ಗಂಟೆಯಲ್ಲಿ ಮುಕ್ಕಾಲು ಲೀಟರಿಗೆ ಹತ್ತಿರದಷ್ಟು ನೀರು ಹಬೆಯಾಗಿ ಮನೆಯ ಗಾಳಿ ಸೇರಿತ್ತು. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲೆ ಒಗೆದ ಹಾಸಿಗೆ ಬಟ್ಟೆಗಳು ಒಣಗುತ್ತಿದ್ದವು, ಚಳಿಯೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಗಾಜು ಬೆವರಿದ್ದು ಅಂದೇ.

20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯಲ್ಲಿ 30 ಘನ ಮೀಟರ್ ಗಾಳಿಯಿದೆ. ಅದು ನೀರಾವಿಯಿಂದ ಪೂರ್ತಿ ತುಂಬಲು ಅರ್ಧ ಲೀಟರ್ ನೀರು ಸಾಕು. ನಾನು ಒಂದು ಸೂಪಿಗೇ ಅದಕ್ಕಿಂತ ಹೆಚ್ಚು ಬಿಟ್ಟಿದ್ದೆ. ಈ ಋತುವಿನಲ್ಲಿ ಮನೆಗೆ ಶಾಖ ಬೇಕು, ತೇವ ಬೇಡ. ಅಂದಿನಿಂದ ಪ್ರತಿ ವಿಧಾನಕ್ಕೂ ಎರಡು ಪ್ರಶ್ನೆ ಕೇಳತೊಡಗಿದೆ: ಎಷ್ಟು ಬಿಸಿ ಕೊಡುತ್ತೀ, ಎಷ್ಟು ನೀರು ಬಿಡುತ್ತೀ?

ಮೂರನೆಯದು ಆ ಪ್ರಶ್ನೆಗಳಿಂದಲೇ ಹೊಳೆದದ್ದು: ಕುದಿಸಿ, ಮುಚ್ಚಿ, ಕಂಬಳಿಯಲ್ಲಿ ಸುತ್ತಿಡುವುದು. ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಬಿಸಿ ಪಾತ್ರೆಯಿಟ್ಟು ಬೇಯಿಸುವ ಹಳೆಯ ಉಪಾಯವೇ ಇದು. ಇಲ್ಲಿ ಒಂದು ಎಚ್ಚರ ಬೇಕೇ ಬೇಕು. ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷಾಂಶವಿದೆ. ಅರೆಬೆಂದ ಕೆಲವೇ ಕಾಳು ತಿಂದರೂ ವಾಂತಿ ಭೇದಿಯಾಗಬಹುದು. ಅದು ನಾಶವಾಗಲು ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಯಬೇಕು. ಕುದಿಸದೆ ಬರಿಯ ಬೆಚ್ಚಗಿನ ನೀರಿನಲ್ಲಿ ಗಂಟೆಗಟ್ಟಲೆ ಇಟ್ಟರೆ ವಿಷ ಕಡಿಮೆಯಾಗುವ ಬದಲು ಹೆಚ್ಚುವುದೂ ಉಂಟು. ನಡುವಿನ ತಿರುಳಿನ ತನಕ ಬಿಸಿ ತಲುಪಲಿ ಎಂದು ನಾನು 30 ನಿಮಿಷ ಕುದಿಸುತ್ತೇನೆ, ಆಮೇಲಷ್ಟೇ ಕಂಬಳಿ.

ಮೊದಲ ಪ್ರಯತ್ನ ಕೆಟ್ಟಿತು. ಪಾತ್ರೆ ಅರ್ಧ ಮಾತ್ರ ತುಂಬಿತ್ತು. ಮೂರು ಗಂಟೆಯ ಮೇಲೆ ಬಿಚ್ಚಿದರೆ 58 ಡಿಗ್ರಿ, ಕಾಳಿನ ನಡುವೆ ಸುಣ್ಣದಂತಹ ಗಟ್ಟಿ. 60 ಡಿಗ್ರಿಗಿಂತ ಕೆಳಗೆ ಇಳಿದ ಅಡುಗೆಯನ್ನು ಬಹಳ ಹೊತ್ತು ಹಾಗೇ ಬಿಡುವುದು ಬ್ಯಾಕ್ಟೀರಿಯಾಗಳಿಗೆ ಔತಣವಿತ್ತಂತೆ. ಮರುವಾರ ಮೂರು ಲೀಟರಿನ ಪಾತ್ರೆಯನ್ನು ಕಂಠದ ತನಕ ತುಂಬಿಸಿ, ಕಂಬಳಿಯನ್ನು ಎರಡು ಸುತ್ತು ಹೆಚ್ಚು ಸುತ್ತಿದೆ. ಮೂರು ಗಂಟೆಯ ಬಳಿಕ 76 ಡಿಗ್ರಿ. ಕಾಳು ಒಂದೂ ಒಡೆಯದೆ, ಒಳಗೆ ಹೂವಿನಷ್ಟು ಮೃದು. ತಿಳಿ ಮಾತ್ರ ದಪ್ಪ ತಳದ ಪಾತ್ರೆಯದರಷ್ಟು ಗಾಢವಲ್ಲ. ಟೊಮೆಟೊ ಹಾಕಿ ಮತ್ತೊಮ್ಮೆ ಚೆನ್ನಾಗಿ ಕುದಿಸಿದರೆ ಊಟಕ್ಕೆ ಸಿದ್ಧ. ಆ ಮೂರು ಗಂಟೆ ಒಲೆ ಆರಿತ್ತು, ಹಬೆಯ ಸುಳಿವಿರಲಿಲ್ಲ, ಮುಖ್ಯವಾಗಿ ಯಾರೂ ಪಾತ್ರೆಯ ಕಾವಲು ಕಾಯಬೇಕಿರಲಿಲ್ಲ.

ರುಚಿಗೆ ದಪ್ಪ ಪಾತ್ರೆ, ಅವಸರಕ್ಕೆ ಕುಕ್ಕರ್, ಬಟ್ಟೆ ಒಗೆಯುವ ದಿನಕ್ಕೆ ಕಂಬಳಿ. ನನ್ನ ಮತ ಮೂರನೆಯದಕ್ಕೆ. ನಿಧಾನವಾಗಿ ಕುದಿಯುವ ಪಾತ್ರೆಯ ಮುಂದೆ ಧ್ಯಾನಸ್ಥರಾಗಿ ಕೂರುವ ಸುಖವನ್ನು ವರ್ಣಿಸುವವರಿಗೆ ಅಂದು ಒಗೆಯುವ ಬಟ್ಟೆ ಇರುವುದಿಲ್ಲ ಎಂಬ ಗುಮಾನಿ ನನಗೆ.

ಕುಂಬಳಕಾಯಿಯ ವಿಷಯದಲ್ಲಿ ಇಷ್ಟು ಚರ್ಚೆ ಬೇಕಾಗಲಿಲ್ಲ. ಒಂದೇ ಕಾಯಿಯ ಅರ್ಧವನ್ನು ಹಬೆಯಲ್ಲಿ 20 ನಿಮಿಷ, ಇನ್ನರ್ಧವನ್ನು 200 ಡಿಗ್ರಿಯ ಓವನ್ನಿನಲ್ಲಿ ಕತ್ತರಿಸಿದ ಮುಖ ಕೆಳಗೆ ಮಾಡಿ 45 ನಿಮಿಷ ಬೇಯಿಸಿದೆ. ಹಬೆಯದು ನೀರೊಡೆಯಿತು, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೂ ತೊಟ್ಟಿಕ್ಕುತ್ತಲೇ ಇತ್ತು. ಹಬೆ 100 ಡಿಗ್ರಿ ದಾಟದು. ಹೊರಮೈ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಸಿಹಿ ಬರಲು ಸುಮಾರು 140 ಡಿಗ್ರಿಯಾದರೂ ಬೇಕು. ಓವನ್ನಿನದು ತನ್ನ ನೀರನ್ನು ತಾನೇ ಕಳೆದುಕೊಂಡು, ಅಂಚಿನಲ್ಲಿ ಪಾಕ ಕಟ್ಟಿತ್ತು. ಆ ನೀರೂ ಮನೆಯ ಗಾಳಿಗೇ ಬಂತು, ಒಪ್ಪುತ್ತೇನೆ. ಆದರೆ ಜೊತೆಗೆ ಅಡುಗೆಮನೆ ಬೆಚ್ಚಗಾಯಿತು, ಕಿಟಕಿಯನ್ನು ಐದು ನಿಮಿಷ ತೆರೆಯುವ ಧೈರ್ಯ ಬಂತು. ಮೈಕ್ರೊವೇವ್‌ನಲ್ಲಿ ಮಾಡಿದ್ದು ಒಂದು ಮೂಲೆಯಲ್ಲಿ ರಬ್ಬರ್, ಇನ್ನೊಂದು ಮೂಲೆಯಲ್ಲಿ ಗಂಜಿ.

ಅರ್ಧ ಕಾಯಿಗಾಗಿ ಓವನ್ ಹಚ್ಚುವುದು ದುಂದು. ಈಗ ಎರಡು ತಟ್ಟೆ ತುಂಬಿಸುತ್ತೇನೆ: ಕೆಳಗಿನ ತಟ್ಟೆಯಲ್ಲಿ ಬೀಟ್‌ರೂಟ್, ಮೇಲಿನದರಲ್ಲಿ ಕುಂಬಳ, ಕ್ಯಾರೆಟ್, ಈರುಳ್ಳಿ. ಬೀಟ್‌ರೂಟ್ ಸೋಮಾರಿ, ಅದನ್ನು ಅರ್ಧ ಗಂಟೆ ಮೊದಲೇ ಒಳಗೆ ತಳ್ಳಬೇಕು. ಚಳಿ ಬಿದ್ದ ಮೇಲೆ ಕಿತ್ತ ಕ್ಯಾರೆಟ್ ಹೆಚ್ಚು ಸಿಹಿಯಾಗಿರುವುದು ಕಲ್ಪನೆಯಲ್ಲ. ಹೆಪ್ಪುಗಟ್ಟದಂತೆ ಕಾಪಾಡಿಕೊಳ್ಳಲು ಗಿಡ ತನ್ನ ಪಿಷ್ಟದ ಒಂದಂಶವನ್ನು ಸಕ್ಕರೆ ಮಾಡಿಕೊಂಡಿರುತ್ತದೆ. ಆಲೂಗಡ್ಡೆಯೂ ಫ್ರಿಜ್ಜಿನಲ್ಲಿ ಅದನ್ನೇ ಮಾಡುತ್ತದೆ, ಅಲ್ಲಿ ನಮಗೆ ನಷ್ಟ: ಕರಿದರೆ ಬೇಗ ಕಪ್ಪಾಗುತ್ತದೆ. ಅದಕ್ಕೆ ಕತ್ತಲೆಯ ತಂಪು ಮೂಲೆಯೇ ಸರಿ.

ಇನ್ನು ಬಟ್ಟೆ. ಒಂದೇ ಬಗೆಯ ಹೊದಿಕೆ, ಹಾಸಿಗೆ ಬಟ್ಟೆ, ಸ್ನಾನದ ಟವೆಲ್‌ಗಳನ್ನು ನಾಲ್ಕು ಬಗೆಯಲ್ಲಿ ಒಣಗಿಸಿದೆ. ಹೊರಗಿನ ಹಗ್ಗದ ಮೇಲೆ ಬೆಳಿಗ್ಗೆ ಹತ್ತರಿಂದ ಮೂರರ ತನಕದ ಎಳೆಬಿಸಿಲಿನಲ್ಲಿ ಎಲ್ಲ ಒಣಗಿದವು, ಟವೆಲ್ಲಿನ ಅಂಚು ಮತ್ತು ಹೊಲಿಗೆಗಳು ಬಿಟ್ಟು. ವಾಸನೆಯಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಮೂರೂಕಾಲಕ್ಕೆ ಮರೆತರೆ ಮಾತ್ರ ಸಂಜೆಯ ತಂಪಿಗೆ ಬಟ್ಟೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ನಾನು ಎರಡು ಸಲ ಮರೆತೆ.

ಕಿಟಕಿ ಮುಚ್ಚಿದ ಕೋಣೆಯ ಸ್ಟ್ಯಾಂಡಿನ ಮೇಲೆ 22 ಗಂಟೆ ಹಿಡಿಯಿತು, ಮುಗ್ಗಲು ವಾಸನೆ ಬೇರೆ. ಅದೇ ಸ್ಟ್ಯಾಂಡ್, ಎದುರಿಗೆ ಫ್ಯಾನ್, ಗಂಟೆಗೊಮ್ಮೆ ಹತ್ತು ನಿಮಿಷ ಕಿಟಕಿ ತೆರೆದಿಟ್ಟರೆ 9 ಗಂಟೆ. ಹೊರಗೆ ತುಂತುರು ಬೀಳುತ್ತಿದ್ದಾಗಲೂ ಇದು ನಡೆಯಿತು ಎಂದರೆ ಮನೆಯವರು ನಂಬಲಿಲ್ಲ. 8 ಡಿಗ್ರಿಯ ಗಾಳಿ ತೇವದಿಂದ ಪೂರ್ತಿ ತುಂಬಿದ್ದರೂ ಅದರಲ್ಲಿರುವುದು ಘನ ಮೀಟರಿಗೆ ಎಂಟು ಗ್ರಾಂ ಚಿಲ್ಲರೆ ನೀರು. ಒಳಗೆ ಬಂದು 20 ಡಿಗ್ರಿಗೆ ಕಾದರೆ ಅದರ ಸಾಪೇಕ್ಷ ಆರ್ದ್ರತೆ, ಅಂದರೆ ಹಿಡಿಯಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು, 50 ಶೇಕಡಕ್ಕಿಂತ ಕೆಳಗಿಳಿಯುತ್ತದೆ. ಅಂದರೆ ತಣ್ಣನೆಯ ಗಾಳಿ ಒಳಬಂದಮೇಲೆ ಬಾಯಾರಿದ ಗಾಳಿ. ಚಳಿಗೆ ಹೆದರಿ ಕಿಟಕಿ ಮುಚ್ಚಿದಷ್ಟೂ ಬಟ್ಟೆ ಒದ್ದೆಯಾಗಿಯೇ ಉಳಿಯುತ್ತದೆ.

ಡ್ರೈಯರಿಗೆ 70 ನಿಮಿಷ ಸಾಕಾಯಿತು. ಹತ್ತಿಯ ದಿಂಬಿನ ಚೀಲಗಳು ಒಂದು ಬೆರಳಷ್ಟು ಕುಗ್ಗಿದವು, ಜಾಲರಿಯ ತುಂಬ ಟವೆಲ್ಲಿನ ನೂಲು ಸಿಕ್ಕಿತ್ತು. ಇಷ್ಟವಾದದ್ದು ಅದರ ನೀರಿನ ಪೆಟ್ಟಿಗೆ. ಹಬೆಯನ್ನು ತಂಪಾಗಿಸಿ ನೀರಾಗಿ ಹಿಡಿದಿಡುವ ಬಗೆಯ ಯಂತ್ರ ಅದು. ಚೆಲ್ಲಲು ಎತ್ತಿದಾಗ ಹತ್ತಿರ ಹತ್ತಿರ ಎರಡು ಲೀಟರ್. ಸ್ಟ್ಯಾಂಡ್ ಇಷ್ಟನ್ನೂ ಸದ್ದಿಲ್ಲದೆ ನಮ್ಮ ಮಲಗುವ ಕೋಣೆಗೆ ಬಿಡುತ್ತಿತ್ತು. ಆ ದಿನವೇ ಒಗೆಯುವ ಯಂತ್ರದಲ್ಲಿ ಹಿಂಡುವ ಸುತ್ತನ್ನು ಎರಡು ಸಲ ಓಡಿಸುವ ಅಭ್ಯಾಸ ಮಾಡಿಕೊಂಡೆ. ಹತ್ತು ನಿಮಿಷದ ಕೆಲಸ, ಒಣಗುವುದರಲ್ಲಿ ಎರಡು ಗಂಟೆ ಉಳಿಕೆ. ಬಿಸಿಲಿದ್ದರೆ ಹಗ್ಗ, ಇಲ್ಲದಿದ್ದರೆ ಫ್ಯಾನ್ ಮತ್ತು ಕಿಟಕಿ. ಡ್ರೈಯರನ್ನು ಅತಿಥಿಗಳು ಬರುವ ಹಿಂದಿನ ದಿನಕ್ಕೆ ಮೀಸಲಿಟ್ಟಿದ್ದೇನೆ.

ಉಣ್ಣೆಯ ಸ್ವೆಟರ್‌ಗಳಿಗೆ ನುಸಿಗುಳಿಗೆ ಮತ್ತು ಫ್ರೀಜರ್ ಎರಡನ್ನೂ ನೋಡಿದೆ. ನ್ಯಾಫ್ತಲಿನ್ ಗುಳಿಗೆಯ ವಾಸನೆ ನಾಲ್ಕು ದಿನ ಗಾಳಿಗೆ ಹಾಕಿದರೂ ಹೋಗಲಿಲ್ಲ, ತಲೆನೋವು ಬಂತು. ಅದನ್ನು ಮಕ್ಕಳಿರುವ ಮನೆಯಲ್ಲಿ ಇಡುವುದೂ ಒಳ್ಳೆಯದಲ್ಲ. ಚೀಲದಲ್ಲಿ ಬಿಗಿಯಾಗಿ ಕಟ್ಟಿ −18 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಹೊರತೆಗೆದ ಕೂಡಲೇ ಚೀಲ ಬಿಚ್ಚಬಾರದು. ಬಟ್ಟೆ ಕೋಣೆಯ ಬಿಸಿಗೆ ಬರುವ ತನಕ ಕಾಯದಿದ್ದರೆ ಗಾಜಿನ ಮೇಲೆ ಬಂದ ಅದೇ ಬೆವರು ಉಣ್ಣೆಯ ಮೇಲೂ ಬರುತ್ತದೆ.

ಈಗಿನ ಶನಿವಾರ ಹೀಗೆ: ಎಂಟಕ್ಕೆ ಯಂತ್ರಕ್ಕೆ ಬಟ್ಟೆ, ಒಲೆಯ ಮೇಲೆ ಕಾಳು. ಒಂಬತ್ತಕ್ಕೆ ಪಾತ್ರೆ ಕಂಬಳಿಗೆ, ಹತ್ತಕ್ಕೆ ಬಟ್ಟೆ ಹಗ್ಗಕ್ಕೆ. ಹನ್ನೆರಡೂವರೆಗೆ ಕಂಬಳಿ ಬಿಚ್ಚಿ, ಟೊಮೆಟೊ ಹಾಕಿ ಕುದಿಸಿ, ಊಟ. ಒಂದೇ ತೊಡಕು ಉಳಿದಿದೆ. ಕಳೆದ ವಾರ ರಾತ್ರಿ ಹೊದೆದುಕೊಂಡಾಗ ಕಂಬಳಿಯಿಂದ ಬೆಳ್ಳುಳ್ಳಿ ವಾಸನೆ ಬಂತು. ಅದನ್ನೂ ಈ ಶನಿವಾರ ಒಗೆಯಬೇಕು. ಅದು ಒಣಗುವ ತನಕ ಪಾತ್ರೆಗೆ ಏನು ಸುತ್ತುವುದೆಂದು ಯೋಚಿಸುತ್ತಿದ್ದೇನೆ.