ಬೈಬಲ್ ಎಐ ಆ್ಯಪ್, ಎರಡು ತಿಂಗಳು ಬಳಸಿದ್ಮೇಲೆ

ಆ್ಯಪ್ ಹೆಸರು ಹೇಳಲ್ಲ, ಈಗ ಇಂಥವು ಪ್ಲೇ ಸ್ಟೋರಲ್ಲಿ ತುಂಬಾ ಇವೆ, ಎಲ್ಲಾ ಹೆಚ್ಚುಕಮ್ಮಿ ಒಂದೇ ಥರ. ತಿಂಗಳಿಗೆ 149 ರೂಪಾಯಿ. ನಾನು ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರಾಟೆಸ್ಟಂಟ್) ಸಭೆಯವ್ನು, ಸಂಡೇ ಸ್ಕೂಲ್ ಟೀಚರ್, ಮನೆ ಕೂಟಗಳಲ್ಲಿ ಆಗಾಗ ಪ್ರಾರ್ಥನೆ ನಡೆಸ್ತೀನಿ, ಸಮಯ ಉಳಿಯುತ್ತೆ ಅಂತ ಹಾಕ್ಕೊಂಡೆ.

ಮೊದ್ಲು ಒಳ್ಳೇದು ಹೇಳ್ಬಿಡ್ತೀನಿ. ಬೈಬಲ್ ವಾಕ್ಯ ಹುಡುಕೋಕೆ ಚೆನ್ನಾಗಿದೆ. ಅರ್ಧ ನೆನಪಿರೋ ವಾಕ್ಯನ ನಮ್ಮ ಮಾತಲ್ಲೇ ಟೈಪ್ ಮಾಡಿದ್ರೂ ಎಷ್ಟೋ ಸಲ ಸರಿಯಾದ ಜಾಗಕ್ಕೇ ಕರ್ಕೊಂಡೋಗುತ್ತೆ. ಅಷ್ಟೇ.

ಕನ್ನಡ ಅಂತೂ ಕೇಳ್ಬೇಡಿ. ವಾಕ್ಯಕ್ಕೆ 'ಶ್ಲೋಕ' ಅನ್ನುತ್ತೆ, ಯಾಕೋಬನ ಪತ್ರಿಕೆನ 'ಜೇಮ್ಸ್' ಅನ್ನುತ್ತೆ, ಬೈಬಲಿನ ಅರಣ್ಯಕಾಂಡಕ್ಕೆ (ಇಂಗ್ಲಿಷಲ್ಲಿ ನಂಬರ್ಸ್) 'ಸಂಖ್ಯೆಗಳು', ಅಪೊಸ್ತಲರ ಕೃತ್ಯಗಳು (ಇಂಗ್ಲಿಷಲ್ಲಿ ಆ್ಯಕ್ಟ್ಸ್) ಒಂದ್ಸಲ 'ಕಾಯಿದೆಗಳು' ಆಗಿತ್ತು, ನಮ್ಮ ಹುಡುಗ್ರು ಬಿದ್ದು ಬಿದ್ದು ನಕ್ರು. 1831ರಲ್ಲೇ ಬಳ್ಳಾರಿಯಲ್ಲಿ ಕನ್ನಡದಲ್ಲಿ ಇಡೀ ಬೈಬಲ್ ಬಂದಿರೋ ಭಾಷೆ ಇದು, ಇಷ್ಟು ವರ್ಷದಿಂದ ಸಭೆ ಆಡಿ ಆಡಿ ಸವೆದಿರೋ ಮಾತುಗಳನ್ನ ಬಿಟ್ಟು ಇಂಗ್ಲಿಷಿಂದ ಹೊಸದಾಗಿ ಅನುವಾದ ಮಾಡ್ಕೊಂಡು ಕೂತಿದೆ.

ಆಮೇಲೆ ಬೈಬಲಿನ ದಾನಿಯೇಲನ ಪುಸ್ತಕದ ವಿಷ್ಯ. ಸುಳ್ಳು ಸಾಕ್ಷಿ ಬಗ್ಗೆ ಪಾಠಕ್ಕೆ ಒಂದು ಕಥೆ ಕೊಡು ಅಂದ್ರೆ ದಾನಿಯೇಲ 13ನೇ ಅಧ್ಯಾಯ ಅಂತು. ನಮ್ಮ ಬೈಬಲಲ್ಲಿ 12ಕ್ಕೇ ಮುಗಿಯುತ್ತೆ! ಕಟ್ಟುಕಥೆ ಅಂತ ಬೈಕೊಂಡೆ, ಆಮೇಲೆ ಪಕ್ಕದ್ಮನೆ ಮಂಗಳೂರು ಕಥೋಲಿಕ ಆಂಟಿ ನಕ್ಕು, ನಮ್ದರಲ್ಲಿದೆ ಕಣೋ, ಸುಸನ್ನಳ ಕಥೆ ಅಂತ ತೋರಿಸಿದ್ರು. ಸುಸನ್ನಳ ಮೇಲೆ ಸುಳ್ಳು ಸಾಕ್ಷಿ ಹೇಳಿದ ಇಬ್ರು ಮುದುಕ್ರನ್ನ ಬೇರೆ ಬೇರೆ ನಿಲ್ಸಿ ಯಾವ ಮರದ ಕೆಳಗೆ ನೋಡಿದ್ರಿ ಅಂತ ದಾನಿಯೇಲ ಕೇಳೋದು, ಒಳ್ಳೇ ಕಥೆನೇ, ಆದ್ರೆ ಅದು ಶುರುವಾಗೋದು ಹೆಂಗಸಿನ ಸ್ನಾನದಿಂದ, ಏಳು ವರ್ಷದ ಮಕ್ಕಳಿಗೆ ಹೇಗ್ ಹೇಳ್ಲಿ. ನೀವು ಯಾವ ಸಭೆಯವ್ರು, ಮಕ್ಕಳ ವಯಸ್ಸೆಷ್ಟು ಅಂತ ಒಂದ್ಮಾತು ಕೇಳಿದ್ರೆ ಆಗ್ತಿತ್ತಲ್ಲ.

ಅದನ್ನೂ ಸಹಿಸ್ಕೊಂಡಿದ್ದೆ. ಹೋದ ತಿಂಗಳು ನಮ್ಮ ಸಭೆಯ ಒಬ್ಬ ಅಜ್ಜಿ ತೀರ್ಕೊಂಡ್ರು, ಅವತ್ತು ಸಂಜೆ ಅವರ ಮನೇಲಿ ಪ್ರಾರ್ಥನೆ ನಂದು, ಆಫೀಸಿಂದ ಲೇಟಾಗಿತ್ತು, ಬಸ್ಸಲ್ಲೇ ಆ್ಯಪ್‌ಗೆ ಹೇಳಿ ಬರೆಸ್ಕೊಂಡೆ. ಓದ್ತಾ ಓದ್ತಾ 'ಮೃತರ ಆತ್ಮಕ್ಕೆ ಸದ್ಗತಿಯನ್ನು ಕರುಣಿಸು' ಅಂತ ಬಂತು, ನನ್ನ ಬಾಯಿಂದ ಆಗ್ಲೇ ಹೊರಬಿದ್ದಿತ್ತು. ನಮ್ಮಲ್ಲಿ ಸತ್ತವರಿಗೋಸ್ಕರ ಹಾಗೆ ಪ್ರಾರ್ಥನೆ ಮಾಡಲ್ಲ, ಉಳಿದಿರೋ ಮನೆಯವ್ರಿಗೆ ಆದರಣೆ, ಅಂದ್ರೆ ಸಮಾಧಾನ, ಬೇಡ್ತೀವಿ. ಪಾಸ್ಟರ್ ಒಂದ್ಸಲ ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಕೊಂಡ್ರು. ಮುಂದಿನ ಪದ ಯಾವುದಿರಬಹುದು ಅಂತ ಲೆಕ್ಕ ಹಾಕೋ ಯಂತ್ರ ಅದು, ಕನ್ನಡದ ಶ್ರದ್ಧಾಂಜಲಿ ಅಂದ್ರೆ ಸದ್ಗತಿ ಬಂದೇ ಬರುತ್ತೆ. ತಪ್ಪು ನಂದೂ ಇದೆ, ಒಂದ್ಸಲನೂ ಓದ್ಕೊಳ್ದೆ ಎದ್ದು ನಿಂತೆ.

ನನಗೊಬ್ಬನಿಗೇ ಆಗಿದ್ದಲ್ಲ ಬಿಡಿ. 2024ರ ಏಪ್ರಿಲಲ್ಲಿ ಅಮೆರಿಕದ ಕ್ಯಾಥೊಲಿಕ್ ಆನ್ಸರ್ಸ್ ಸಂಸ್ಥೆ 'ಫಾದರ್ ಜಸ್ಟಿನ್' ಅಂತ ಎಐ ಪಾದ್ರಿನ ತಂದಿತ್ತು, ಅದು ನೀರಿನ ಬದಲು ಗೇಟೊರೇಡ್ ಶರಬತ್ತಲ್ಲಿ ಮಗುಗೆ ದೀಕ್ಷಾಸ್ನಾನ ಕೊಡಬಹುದು ಅಂದ್ಬಿಡ್ತು, ಕೆಲವೇ ದಿನದಲ್ಲಿ ಫಾದರ್ ಪಟ್ಟ ಕಿತ್ತು ಬರೀ ಜಸ್ಟಿನ್ ಮಾಡಿದ್ರು. ಅದಕ್ಕೂ ಮುಂಚೆ 2023ರ ಜೂನಲ್ಲಿ ಜರ್ಮನಿಯ ಫ್ಯೂರ್ತ್‌ನಲ್ಲಿ ಸುಮಾರು 40 ನಿಮಿಷದ ಆರಾಧನೆ, ಬಹುಪಾಲು ಚಾಟ್‌ಜಿಪಿಟಿ ಬರೆದಿದ್ದು, ಪರದೆ ಮೇಲಿನ ಗೊಂಬೆಗಳು ಪ್ರಸಂಗ ಮಾಡಿದ್ವು, 300ಕ್ಕೂ ಹೆಚ್ಚು ಜನ ಕೂತು ಕೇಳಿದ್ರು. ವ್ಯಾಟಿಕನ್ 2025ರ ಜನವರಿ 28ಕ್ಕೆ ಎಐ ಬಗ್ಗೆ 'ಆಂಟಿಕ್ವಾ ಎಟ್ ನೋವಾ' ಅಂತ ಒಂದು ದಸ್ತಾವೇಜು ಬಿಡ್ತು, ಯಂತ್ರಕ್ಕೆ ನಿಜವಾದ ಸಂಬಂಧ ಬೆಳೆಸೋಕೆ ಆಗಲ್ಲ ಅಂತ ಅದರಲ್ಲಿದೆ. ನಾನು ಕಥೋಲಿಕ ಅಲ್ಲ, ಆದ್ರೂ ಆ ಸಾವಿನ ಮನೇಲಿ ನಿಂತಿದ್ದವನಿಗೆ ಅದು ಬೇಗ ಅರ್ಥ ಆಗುತ್ತೆ. ಅಜ್ಜಿ ಪ್ರತಿ ಭಾನುವಾರ ಎಡಗಡೆ ಮೂರನೇ ಬೆಂಚಲ್ಲಿ ಕೂರ್ತಿದ್ರು ಅಂತ ಗೊತ್ತಿದ್ದ ನಾನೇ ಅದನ್ನ ಹೇಳ್ಲಿಲ್ಲ, ಆ್ಯಪ್ ಎಲ್ಲಿ ಹೇಳುತ್ತೆ.

ಇನ್ನೊಂದು, 'ಪ್ರಾರ್ಥನಾ ವಿನಂತಿ' ಅಂತ ಒಂದು ಬಾಕ್ಸ್ ಇದೆ, ಅಲ್ಲಿ ಹೆಸರು, ಕಾಯಿಲೆ, ಮನೆ ಜಗಳ ಎಲ್ಲಾ ಬರೀರಿ ಅನ್ನುತ್ತೆ. ಬರೆದಿದ್ದು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಸ್ಪಷ್ಟವಾಗಿ ಎಲ್ಲೂ ಬರೆದಿಲ್ಲ. ದಯವಿಟ್ಟು ಬೇರೆಯವ್ರ ಹೆಸರು ಹಾಕ್ಬೇಡಿ. ಶುಭ ಶುಕ್ರವಾರ ಉಪವಾಸದಲ್ಲಿ ಫೋನ್ ಮುಟ್ಟಿರ್ಲಿಲ್ಲ, ರಾತ್ರಿ ನೋಡಿದ್ರೆ 'ನಿಮ್ಮ 31 ದಿನದ ಪ್ರಾರ್ಥನಾ ಸ್ಟ್ರೀಕ್ ಮುರಿಯಲಿದೆ' ಅಂತ ನೋಟಿಫಿಕೇಶನ್!

ಐದಕ್ಕೆ ಎರಡು ಸ್ಟಾರ್, ಎರಡೂ ವಾಕ್ಯ ಹುಡುಕೋದಕ್ಕೇ. ಸಬ್‌ಸ್ಕ್ರಿಪ್ಶನ್ ಕ್ಯಾನ್ಸಲ್ ಮಾಡೋದು ಹೇಗೆ ಅಂತ ಅದನ್ನೇ ಕೇಳ್ದೆ, ನಿಮ್ಮ ಮನಸ್ಸು ಭಾರವಾದಂತಿದೆ, ಪ್ರಾರ್ಥಿಸೋಣವೇ ಅಂತು.