ಅಮೆರಿಕದ ರಾಜಕೀಯ ರ‍್ಯಾಲಿ: ಯಾವ ವಾಹಿನಿಯಲ್ಲಿ ನೋಡುವುದು?

ಫಾಕ್ಸ್ ನ್ಯೂಸ್ ಮತ್ತು ಎಂಎಸ್‌ಎನ್‌ಬಿಸಿ (ಈಗ ಎಂಎಸ್ ನೌ) ಎರಡೂ 1996ರಲ್ಲಿ ಹುಟ್ಟಿದವು. ಫಾಕ್ಸ್ ಬಲಕ್ಕೆ, ಅಂದರೆ ರಿಪಬ್ಲಿಕನ್ನರತ್ತ ವಾಲಿದರೆ ಇನ್ನೊಂದು ಎಡಕ್ಕೆ, ಡೆಮಾಕ್ರಟರತ್ತ. ತಮ್ಮವರ ಸಭೆ ಜನಸಾಗರ, ಎದುರಾಳಿಯದು ಬರೀ ಗದ್ದಲ!

ಪಕ್ಷಗಳೂ ಕಡಿಮೆಯೇನಲ್ಲ. ಚುನಾವಣಾ ವರ್ಷವೆಂಬ ನೆಪದಲ್ಲಿ 2016ರಲ್ಲಿ ಒಬಾಮಾ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸ್ಥಾನಕ್ಕೆ ಸೂಚಿಸಿದ ಮೆರಿಕ್ ಗಾರ್ಲೆಂಡ್ ಅವರನ್ನು ಸೆನೆಟ್‌ನ ವಿಚಾರಣೆಗೂ ಕರೆಯದ ರಿಪಬ್ಲಿಕನ್ನರು, 2020ರಲ್ಲಿ ಮತದಾನಕ್ಕೆ ಎಂಟೇ ದಿನವಿರುವಾಗ ಏಮಿ ಕೋನಿ ಬ್ಯಾರೆಟ್ ಅವರನ್ನು ಸುಪ್ರೀಂ ಕೋರ್ಟಿಗೆ ಏರಿಸಿದರು. ಮೊದಲು ತಕ್ಷಣ ಮತಕ್ಕೆ ಹಾಕಿ ಎಂದು ಪಟ್ಟುಹಿಡಿದಿದ್ದ ಡೆಮಾಕ್ರಟರು ಆಗ ಕಾಯಿರಿ ಎಂದರು. ಒಂದೇ ವಾಹಿನಿಗೆ ಅಂಟಿಕೊಂಡವರಿಗೆ ಈ ತಿಪ್ಪರಲಾಗದ ಅರ್ಧ ಭಾಗವಷ್ಟೇ ಎದ್ದು ಕಾಣುತ್ತದೆ.

ಆದರೂ ಎರಡೂ ವಾಹಿನಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾರೆ. 2020ರ ಚುನಾವಣೆಯ ಮತಯಂತ್ರಗಳ ಕುರಿತ ಸುಳ್ಳುಗಳನ್ನು ಪ್ರಸಾರ ಮಾಡಿದ ಮೊಕದ್ದಮೆಯಲ್ಲಿ ಫಾಕ್ಸ್ 2023ರಲ್ಲಿ ಆ ಯಂತ್ರ ತಯಾರಿಸುವ ಡೊಮಿನಿಯನ್ ಕಂಪನಿಗೆ 78.75 ಕೋಟಿ ಡಾಲರ್ ತೆರಲು ಒಪ್ಪಿತು.

ಮೂರನೆಯದು 1979ರ ಸಿ-ಸ್ಪ್ಯಾನ್. ಮುಖ್ಯವಾಗಿ ಕೇಬಲ್ ಕಂಪನಿಗಳ ಶುಲ್ಕದಿಂದ ನಡೆಯುವ ಇದರಲ್ಲಿ ಭಾಷಣದ ನಡುವೆ ಜಾಹೀರಾತಿಲ್ಲ, ವ್ಯಾಖ್ಯಾನವಿಲ್ಲ; ಆದಿಯಿಂದ ಅಂತ್ಯದವರೆಗೆ ಬರೀ ಭಾಷಣ. ಆಕಳಿಕೆ ಬರುವುದು ನಿಜ. ಸಮಯವಿದ್ದರೆ ಇದನ್ನೇ ನೋಡಿ. ಇಲ್ಲವಾದರೆ ಉಳಿದೆರಡನ್ನು ಹತ್ತತ್ತು ನಿಮಿಷ.