ಜಂಟಿ ಬಸ್ ಖರೀದಿ ಸೇವೆ: ಸಣ್ಣ ಸಾರಿಗೆ ಸಂಸ್ಥೆಗಳ ದೃಷ್ಟಿಯಿಂದ ಒಂದು ವಿಮರ್ಶೆ

ಹಲವು ಸ್ಥಳೀಯ ಸಾರಿಗೆ ಸಂಸ್ಥೆಗಳ ಬೇಡಿಕೆಯನ್ನು ಒಂದೇ ಟೆಂಡರ್‌ನಲ್ಲಿ ಒಟ್ಟುಗೂಡಿಸಿ, ದರ ಹಾಗೂ ಷರತ್ತುಗಳನ್ನು ಮೊದಲೇ ನಿಗದಿಪಡಿಸಿಕೊಡುವ ಜಂಟಿ ಖರೀದಿ ಸೇವೆಯು, ಕೆಲವೇ ಬಸ್ಸುಗಳು ಬೇಕಿರುವ ಸಣ್ಣ ಸಂಸ್ಥೆಗಳಿಗೆ ನಿಜಕ್ಕೂ ಉಪಕಾರಿಯಾಗಿದೆ. ಟೆಂಡರ್ ದಾಖಲೆ ಸಿದ್ಧಪಡಿಸುವ ಕಾನೂನು ಮತ್ತು ತಾಂತ್ರಿಕ ಶ್ರಮವು ಹಂಚಿಹೋಗುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಜೀವಿತಾವಧಿ ವೆಚ್ಚವನ್ನು ಆಧರಿಸಿದ ಮೌಲ್ಯಮಾಪನ. ಬಸ್ಸೊಂದು ಸಾಮಾನ್ಯವಾಗಿ 12ರಿಂದ 15 ವರ್ಷ ಓಡುವುದರಿಂದ, ಇಂಧನ ಅಥವಾ ವಿದ್ಯುತ್, ನಿರ್ವಹಣೆ, ಬ್ಯಾಟರಿ ಬದಲಾವಣೆ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಕಡಿಮೆ ಬೆಲೆಯ ಬಸ್ಸೇ ದುಬಾರಿಯಾಗಿ ಪರಿಣಮಿಸಬಹುದು. ಇಂಧನ ಬಳಕೆಯ ಹೋಲಿಕೆಗೆ ಅಂತರರಾಷ್ಟ್ರೀಯ ಸಾರ್ವಜನಿಕ ಸಾರಿಗೆ ಸಂಘವಾದ ಯುಐಟಿಪಿ ರೂಪಿಸಿರುವ ಸಾರ್ಟ್ ಪರೀಕ್ಷೆಗಳಿವೆ: ಸಾರ್ಟ್ 1 ದಟ್ಟಣೆಯ ನಗರ ಸಂಚಾರಕ್ಕೆ, ಸಾರ್ಟ್ 2 ಮಿಶ್ರ ಸಂಚಾರಕ್ಕೆ, ಸಾರ್ಟ್ 3 ಉಪನಗರ ಮಾರ್ಗಗಳಿಗೆ. ಉಪನಗರದ ಅಂಕಿಯನ್ನು ನಂಬಿ ಹೆಜ್ಜೆಹೆಜ್ಜೆಗೂ ನಿಲ್ಲುವ ಮಾರ್ಗಕ್ಕೆ ಬಸ್ ಕೊಂಡರೆ ಇಡೀ ಲೆಕ್ಕವೇ ತಲೆಕೆಳಗಾಗುತ್ತದೆ. ಆದ್ದರಿಂದ ಯಾವ ಪರೀಕ್ಷೆಯ ಫಲಿತಾಂಶ ಬೇಕೆಂಬುದನ್ನು ಪ್ರತಿ ಸಂಸ್ಥೆಯೂ ಪಟ್ಟು ಹಿಡಿದು ಕೇಳಬೇಕು.

ಕೊರತೆಯಿರುವುದು ಹೊಂದಾಣಿಕೆಯಲ್ಲಿ. ಎಲ್ಲರಿಗೂ ಒಪ್ಪುವ ವಿನ್ಯಾಸವನ್ನು ಹುಡುಕುವ ಭರದಲ್ಲಿ ಬಾಗಿಲುಗಳ ಸಂಖ್ಯೆ, ಗಾಲಿಕುರ್ಚಿಯ ಇಳಿಜಾರು ಹಲಗೆ, ಚಾಲಕರ ಕ್ಯಾಬಿನ್ ಮುಂತಾದವು ಐಚ್ಛಿಕ ಪಟ್ಟಿಗೆ ಸರಿದುಬಿಡುತ್ತವೆ. ಗಾಲಿಕುರ್ಚಿಯ ಹಲಗೆ ಐಚ್ಛಿಕವಾಗಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಬಿಡಿಭಾಗಗಳ ಪೂರೈಕೆಯ ಅವಧಿ, ಮೆಕ್ಯಾನಿಕ್‌ಗಳ ತರಬೇತಿ ಮತ್ತು ವಿಳಂಬಕ್ಕೆ ದಂಡ ಇವು ಮೂಲ ಒಪ್ಪಂದದಲ್ಲೇ ಇದ್ದರೆ ಮಾತ್ರ ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ.